ನಾಲ್ಕನೇ ಹಾಸಿಗೆಯ ದೀಪ

"ಎಲ್ಲಾ ಚೆನ್ನಾಗಿದೆ," ಎಂದಳು ಹಾಸಿಗೆಯಲ್ಲಿದ್ದ ಮುದುಕಿ.

ಪರಿವೀಕ್ಷಕಿಯ ಕೈಯಲ್ಲಿದ್ದ ಪೆನ್ನು ನಿಂತಲ್ಲೇ ನಿಂತಿತು.

ಅವಳು ಕೇಳಿದ್ದು ನಮೂನೆಯ ಏಳನೇ ಪ್ರಶ್ನೆ: ಇಲ್ಲಿನ ಊಟ ಹೇಗಿದೆ? ಹನ್ನೊಂದು ವರ್ಷಗಳಿಂದ ವೃದ್ಧರ ನಿಲಯಗಳಿಗೆ ಹೋಗಿ, ಅಲ್ಲಿನ ಆರೈಕೆಗೆ ಅಂಕ ಹಾಕುವುದೇ ಅವಳ ಕೆಲಸ. ಈ ಪ್ರಶ್ನೆಗೆ ನೂರಾರು ಜನ ಇದೇ ಉತ್ತರ ಕೊಟ್ಟಿದ್ದರು. ನೂರಾರು ಸಲ ಅವಳು 'ತೃಪ್ತಿಕರ' ಎಂದು ಬರೆದು ಮುಂದಿನ ಹಾಸಿಗೆಗೆ ಹೋಗಿದ್ದಳು.

ಆದರೆ ಈ ಮುದುಕಿ ಅವಳ ಚಿಕ್ಕಮ್ಮ. ಚಿಕ್ಕಮ್ಮ ಹುಟ್ಟಿದಾಗಿನಿಂದ ಯಾವುದನ್ನೂ ಚೆನ್ನಾಗಿದೆ ಎಂದವಳಲ್ಲ. ತನ್ನ ಮದುವೆಯ ಫೋಟೋ ಕೈಗೆ ಬಂದಾಗಲೂ "ಬೆಳಕು ಸರಿಯಿಲ್ಲ, ಇವರ ಮೂಗೂ ಸರಿಯಿಲ್ಲ" ಎಂದು ಗಂಡನೆದುರೇ ಹೇಳಿದವಳು.

ಈ ನಿಲಯದಲ್ಲಿ ಮೂರು ತಿಂಗಳಲ್ಲಿ ಮೂರು ಸಾವು, ಮೂರೂ ಒಂದೇ ಹಾಸಿಗೆಯಲ್ಲಿ; 'ಕಿಟಕಿ ಪಕ್ಕ ಮಲಗಿದವರು ಏಳುವುದಿಲ್ಲ' ಎಂದು ಸಹಿಯಿಲ್ಲದ ಒಂದು ಚೀಟಿ; ನಿಜ ತಿಳಿಯಲೆಂದು ಒಂಬತ್ತು ದಿನಗಳ ಹಿಂದೆ ಚಿಕ್ಕಮ್ಮನೇ ನಿವಾಸಿಯಾಗಿ ಒಳಗೆ ಬಂದು ಸೇರಿದ್ದಳು.

ಬರುವ ಮುಂಚೆ ಇಬ್ಬರೂ ಅಡುಗೆಮನೆಯಲ್ಲಿ ಕೂತು ಒಂದು ಗುರುತು ಮಾಡಿಕೊಂಡಿದ್ದರು. "ಅಪಾಯ ಅಂತ ಅನ್ನಿಸಿದರೆ ಏನನ್ನಾದರೂ ಹೊಗಳಿಬಿಡು, ಚಿಕ್ಕಮ್ಮ. ನನಗೆ ಗೊತ್ತಾಗುತ್ತೆ."

"ಹೊಗಳೋದಾ? ಅದಕ್ಕಿಂತ ಸಾಯೋದು ವಾಸಿ ಕಣೇ," ಎಂದು ಚಿಕ್ಕಮ್ಮ ನಕ್ಕಿದ್ದಳು.

ಈಗ ಪರಿವೀಕ್ಷಕಿ ಹಾಸಿಗೆಯ ಹತ್ತಿರಕ್ಕೆ ಬಾಗಿದಳು.

"ಇನ್ನೊಂದು ಸಲ ಹೇಳಿ ಅಜ್ಜಿ. ಊಟ ಹೇಗಿದೆ?" ಅಪರಿಚಿತಳ ದನಿಯಲ್ಲೇ ಕೇಳಿದಳು. ಬಾಗಿಲಲ್ಲಿ ಆಯಾ ನಿಂತಿದ್ದಳು.

ಚಿಕ್ಕಮ್ಮನ ರೆಪ್ಪೆಗಳು ಅರ್ಧ ಎದ್ದವು, ಮತ್ತೆ ಮುಚ್ಚಿಕೊಂಡವು. ನಾಲಿಗೆ ಬಾಯೊಳಗೆ ದಾರಿ ಹುಡುಕುವಂತೆ ಹೊರಳಿತು. "ಚೆ... ಚೆನ್ನಾಗಿದೆ. ತುಂಬಾ."

ಗೋಡೆ ಗಡಿಯಾರದಲ್ಲಿ ಮೂರೂವರೆ. ಉಳಿದ ಮೂರು ಹಾಸಿಗೆಗಳವರು ವ್ಯಾಯಾಮಕ್ಕೆಂದು ಕೆಳಗಿನ ಹಾಲ್‌ಗೆ ಹೋಗಿದ್ದರು. ಹೊದಿಕೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಿದ್ದರು. ನೆಲ ಹೊಳೆಯುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿದಳು. ಧೂಳಿಲ್ಲ. ಅವಳು ಹೋದಲ್ಲೆಲ್ಲ ಹೀಗೆ ಬೆರಳಾಡಿಸುವುದರಿಂದ ನಿಲಯಗಳ ಕೆಲಸದವರು ಅವಳ ಬೆನ್ನ ಹಿಂದೆ 'ಧೂಳು ಮೇಡಂ' ಎನ್ನುತ್ತಿದ್ದರು. ಹೋದ ವರ್ಷ ಧೂಳು ಮೇಡಂ ಈ ನಿಲಯಕ್ಕೆ ನೂರಕ್ಕೆ ತೊಂಬತ್ತೆರಡು ಕೊಟ್ಟಿದ್ದಳು.

ಕಿಟಕಿ. ಆಗ ಅವಳಿಗೆ ಹೊಳೆಯಿತು. ಸೇರಿಸಿದ ದಿನ ಚಿಕ್ಕಮ್ಮನಿಗೆ ಕೊಟ್ಟದ್ದು ಬಾಗಿಲ ಬಳಿಯ ಎರಡನೇ ಹಾಸಿಗೆ. ಈಗ ಮಲಗಿರುವುದು ಕಿಟಕಿಯ ಪಕ್ಕದ ನಾಲ್ಕನೆಯದರಲ್ಲಿ.

ತಲೆಯ ಮೇಲೆ ಗೋಡೆಗೆ ಒಂದು ಚಿಕ್ಕ ಬಿಳಿ ಹಲಗೆ ಹೊಡೆದಿದ್ದರು. ಅದರಲ್ಲಿ ಹೆಸರಿಲ್ಲ. ಮೇಲೆ '4' ಎಂಬ ಅಂಕಿ, ಕೆಳಗೆ ಎರಡು ಚಿತ್ರ: ಒಂದು ಚಮಚ, ಒಂದು ನೀಲಿ ಚುಕ್ಕೆ.

"ಈ ಚಮಚ ಯಾಕೆ?" ಎಂದು ಆಯಾಳನ್ನು ಕೇಳಿದಳು.

"ಗಟ್ಟಿ ಹಾಲಿಗೆ, ಮೇಡಂ. ಕೆಲವರಿಗೆ ನೀರಾಗಿ ಕುಡಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತಲ್ಲ, ಅಂಥವರಿಗೆ ಪುಡಿ ಹಾಕಿ ಗಟ್ಟಿ ಮಾಡಿ ಚಮಚದಲ್ಲಿ ಕೊಡ್ತೀವಿ."

"ಈ ಅಜ್ಜಿಗೆ ಗಂಟಲು ತೊಂದರೆ ಇದೆಯಾ?"

ಆಯಾ ಉತ್ತರಕ್ಕಾಗಿ ಅಜ್ಜಿಯ ಕಡೆ ನೋಡಲಿಲ್ಲ. ಹಲಗೆಯ ಕಡೆ ನೋಡಿದಳು. "ಇದೆಯಲ್ಲ ಮೇಡಂ. ಹಾಕಿದ್ದಾರಲ್ಲ."

ಒಂಬತ್ತು ದಿನಗಳ ಹಿಂದೆ ಇದೇ ಚಿಕ್ಕಮ್ಮ ಕಡಲೆಕಾಯಿ ಅಗಿಯುತ್ತ, ಸಿಪ್ಪೆಯನ್ನೆಲ್ಲ ಅವಳ ಕಡತದ ಮೇಲೆ ಉದುರಿಸಿದ್ದಳು.

"ನೀಲಿ ಚುಕ್ಕೆ?"

"ಮಾತ್ರೆ ಪುಡಿ ಮಾಡಿ ಆ ಹಾಲಿಗೇ ಬೆರೆಸೋದು. ದಿನಾ ನಾಲ್ಕು ಗಂಟೆಗೆ."

ಇನ್ನು ಅರ್ಧ ಗಂಟೆ.

ಕರೆಗಂಟೆಯ ವೈರು ಎಲ್ಲಿದೆ ಎಂದು ಹುಡುಕಿದಳು. ಅದನ್ನು ಮಂಚದ ಹಿಂದಿನ ಸರಳಿಗೆ ಸುತ್ತಿ ಗಂಟು ಹಾಕಿದ್ದರು. ಮಲಗಿದವರ ಕೈ ಅಲ್ಲಿಗೆ ಈ ಜನ್ಮದಲ್ಲಿ ಎಟುಕುವಂತಿರಲಿಲ್ಲ. ಗಂಟು ಬಿಚ್ಚಿ ಅದನ್ನು ಮುಂದಕ್ಕೆ ಎಳೆದಳು.

"ಇದನ್ನ ಒತ್ತಿದರೆ?"

"ಕೆಳಗೆ ಸಿಸ್ಟರ್ ರೂಮಿನಲ್ಲಿ ಗಂಟೆ ಹೊಡೆದು ಈ ನಂಬರಿನ ದೀಪ ಹತ್ತುತ್ತೆ. ಆರಿಸಬೇಕು ಅಂದರೆ ಇಲ್ಲಿಗೇ ಬಂದು ಗೋಡೆ ಮೇಲಿನ ಈ ಗುಂಡಿ ಒತ್ತಬೇಕು. ಕೆಳಗಿಂದ ಆಗಲ್ಲ." ಆಯಾ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. "ಅದಕ್ಕೆ ಹೋದ ಸಲ ನೀವು ಪೂರ್ತಿ ಅಂಕ ಕೊಟ್ಟಿದ್ದಿರಿ."

ಕೊಟ್ಟಿದ್ದಳು. ಗಂಟೆಯನ್ನು ನೋಡಿದ್ದಳು, ಗುಂಡಿಯನ್ನು ನೋಡಿದ್ದಳು. ವೈರು ಯಾರ ಕೈಯಲ್ಲಿದೆ ಎಂದು ನೋಡಿರಲಿಲ್ಲ.

ವೈರಿನ ತುದಿಯ ಗುಂಡಿಯನ್ನು ಚಿಕ್ಕಮ್ಮನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದಳು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬೇರೆಯವರ ಗಂಟೆಗೆ ಓಗೊಟ್ಟ ಕೈ ಅದು. ಬೆರಳುಗಳು ಸಡಿಲವಾಗಿದ್ದವು. ಆಮೇಲೆ, ಬಹಳ ನಿಧಾನವಾಗಿ, ಗುಂಡಿಯ ಸುತ್ತ ಬಿಗಿದುಕೊಂಡವು.

ಅಂದರೆ ಚಿಕ್ಕಮ್ಮ ಒಳಗೆಲ್ಲೋ ಎಚ್ಚರವಾಗಿದ್ದಳು.

"ನಡಿಯಮ್ಮ, ನಿನ್ನ ಕೆಲಸ ನೋಡಿಕೋ," ಎಂದು ಆಯಾಳನ್ನು ಕಳಿಸಿದಳು. ಹೆಜ್ಜೆ ಸದ್ದು ಮೆಟ್ಟಿಲಿಳಿಯುವವರೆಗೂ ಕಾದು, "ಡಾಕ್ಟ್ರೇ," ಎಂದಳು.

ಅಷ್ಟು ಹೊತ್ತೂ ಮೂರನೇ ಹಾಸಿಗೆಯ ತುದಿಯಲ್ಲಿ ಕೂತು ಕಾಗದ ತಿರುವುತ್ತಿದ್ದ ಡಾಕ್ಟರು ಎದ್ದು ಬಂದರು. ಅವಳ ಕಚೇರಿಯವರೇ, ಹನ್ನೊಂದು ವರ್ಷಗಳಿಂದ ಪ್ರತಿ ತಪಾಸಣೆಗೂ ಅವಳ ಜೊತೆಗೆ ಬರುತ್ತಿದ್ದವರು; ನಡುವೆ ಒಬ್ಬರೇ ನಿಲಯಗಳಿಗೆ ಹೋಗಿ ಔಷಧಿ ಲೆಕ್ಕ ನೋಡುವುದೂ ಉಂಟು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಜಾತಿ. ಬಾಯಲ್ಲಿ ಸದಾ ಒಂದು ಪೆಪ್ಪರ್‌ಮೆಂಟ್. ಮಾತು ಅದರ ಸಂದಿಯಿಂದ ನುಸುಳಿಕೊಂಡೇ ಬರಬೇಕು. ಈ ಅಜ್ಜಿ ಅವಳ ಚಿಕ್ಕಮ್ಮ ಎನ್ನುವುದು ಗೊತ್ತಿದ್ದದ್ದು ಇಡೀ ಜಗತ್ತಿನಲ್ಲಿ ಅವರೊಬ್ಬರಿಗೆ. ನಿಲಯದ ಅರ್ಜಿಯಲ್ಲಿ 'ಸಂಬಂಧಿಕರು: ಯಾರೂ ಇಲ್ಲ' ಎಂದು ಬರೆಸಿದ್ದೂ ಅವರ ಸಲಹೆಯೇ.

ಅವರು ಬಾಗಿ ರೆಪ್ಪೆ ಎತ್ತಿ ನೋಡಿದರು, ನಾಡಿ ಹಿಡಿದರು. "ಮಂಪರು. ವಯಸ್ಸಾಯಿತಲ್ಲ."

"ಒಂಬತ್ತು ದಿನದಲ್ಲಿ ಯಾರಿಗಾದರೂ ಇಷ್ಟು ವಯಸ್ಸಾಗುತ್ತಾ? ಏನೋ ಕುಡಿಸ್ತಿದ್ದಾರೆ. ನಾನು ಈಗಲೇ ಕರಕೊಂಡು ಹೋಗ್ತೀನಿ."

"ಕರಕೊಂಡು ಹೋಗು. ಬೇಡ ಅನ್ನಲ್ಲ." ಪೆಪ್ಪರ್‌ಮೆಂಟ್ ಒಂದು ದವಡೆಯಿಂದ ಇನ್ನೊಂದಕ್ಕೆ ಹೋಯಿತು. "ಆದರೆ ನೀನು ಇವರನ್ನ ಎಬ್ಬಿಸಿದ ಮರುಕ್ಷಣ ಕೆಳಗೆ ಔಷಧಿ ಗಾಡಿ ಖಾಲಿಯಾಗುತ್ತೆ, ಪುಸ್ತಕ ಮಾಯವಾಗುತ್ತೆ. ಸತ್ತ ಮೂರು ಜನರಿಗೆ ಆಮೇಲೆ ಯಾರು ತಾಯಿ ಉತ್ತರ ಕೊಡೋರು? ಹತ್ತು ನಿಮಿಷ ಕೆಳಗೆ ಹೋಗಿ ಕಣ್ಣಾರೆ ನೋಡಿ ಬಾ. ನಾನು ಇಲ್ಲೇ ಕೂತಿರ್ತೀನಿ. ನಾಲ್ಕರ ಹಾಲು ಬಂದರೆ ನನ್ನ ದಾಟಿಕೊಂಡು ಹೋಗಲಿ ನೋಡೋಣ."

ಸ್ಟೂಲ್ ಎಳೆದುಕೊಂಡು ಚಿಕ್ಕಮ್ಮನ ತಲೆದೆಸೆಯಲ್ಲಿ ಕೂತರು. ಅವಳ ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿದಂತಾಯಿತು.

ಮೆಟ್ಟಿಲಿಳಿಯುವಾಗ ಗೋಡೆಗೆ ಹೊಡೆದ ಮರದ ಹಿಡಿಪಟ್ಟಿಯನ್ನು ಹಿಡಿದೇ ಇಳಿದಳು. ಮುದುಕರಿಗೆಂದು ಹಾಕಿಸಿದ್ದು. ಇಂದು ಅದು ಅವಳಿಗೇ ಬೇಕಾಗಿತ್ತು. ಮನೆಯೆಲ್ಲ ನಿಶ್ಶಬ್ದ. ಇಪ್ಪತ್ತು ಜನ ಇರುವ ಮನೆಯಲ್ಲಿ ಒಂದು ಕೆಮ್ಮಿಲ್ಲ, ಒಂದು ಬೈಗುಳವಿಲ್ಲ. ಹೋದ ವರ್ಷದ ವರದಿಯಲ್ಲಿ ಅವಳೇ ಬರೆದಿದ್ದಳು: 'ವಾತಾವರಣ ಪ್ರಶಾಂತವಾಗಿದೆ.' ಆ ವಾಕ್ಯ ಈಗ ಹೆಜ್ಜೆಹೆಜ್ಜೆಗೂ ಅವಳ ಹಿಂದೆಯೇ ಇಳಿದು ಬಂತು.

ಸಿಸ್ಟರ್ ರೂಮಿನಲ್ಲಿ ದೊಡ್ಡ ಸಿಸ್ಟರ್ ಕೈ ತೊಳೆಯುತ್ತಿದ್ದಳು. ಐವತ್ತೈದು ದಾಟಿದ ಗಟ್ಟಿ ಹೆಂಗಸು, ಸೊಂಟದಲ್ಲಿ ಬೀಗದ ಕೈ ಗೊಂಚಲು. ನಿಲಯದ ಔಷಧಿಯೆಲ್ಲ ಅವಳ ಸುಪರ್ದಿಯಲ್ಲಿತ್ತು. ಪರಿವೀಕ್ಷಕಿಯ ಅನುಮಾನಪಟ್ಟಿಯಲ್ಲಿ ಮೊದಲಿನಿಂದಲೂ ಮೊದಲು ಇದ್ದವಳು.

ಬಾಗಿಲ ಮೇಲಿನ ಮರದ ಚೌಕಟ್ಟಿನಲ್ಲಿ ಪುಟ್ಟ ಕೆಂಪು ದೀಪಗಳ ಸಾಲು. ಒಂದೂ ಉರಿಯುತ್ತಿರಲಿಲ್ಲ.

"ಗಾಡಿ ತೆಗೀರಿ," ಎಂದಳು ಪರಿವೀಕ್ಷಕಿ.

"ಅದನ್ನ ಕೊನೆಗೆ ನೋಡೋದಲ್ವಾ ಮೇಡಂ ಯಾವಾಗಲೂ?"

"ಇವತ್ತು ಮೊದಲು."

ಔಷಧಿ ಗಾಡಿಗೆ ಚಿಕ್ಕ ಚಿಕ್ಕ ಡ್ರಾಯರುಗಳು. ಪ್ರತಿಯೊಂದರ ಮೇಲೂ ಒಂದು ಅಂಕಿ. ನಾಲ್ಕನ್ನು ಎಳೆದಳು. ಬಿಳಿ ಮಾತ್ರೆಗಳ ಹಾಳೆ, ಅರ್ಧ ಖಾಲಿ. ಹಾಳೆಯ ಹಿಂಬದಿಯ ಅಕ್ಷರ ಓದಿದಳು.

"ಇದು ನಿದ್ದೆ ಮಾತ್ರೆ. ಜೋರಿನದು. ಯಾರದು?"

"ನಾಲ್ಕನೇ ಹಾಸಿಗೆಯದು."

"ಹಾಸಿಗೆಗೆ ನಿದ್ದೆ ಬರ್ತಿರಲಿಲ್ವಾ? ಮನುಷ್ಯರ ಹೆಸರು ಹೇಳಿ."

ದೊಡ್ಡ ಸಿಸ್ಟರ್ ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡಳು. ಆಮೇಲೆ ಆಕೆ ಕಪಾಟಿನಿಂದ ಒಂದು ಕಡತ ತೆಗೆದು ಮೇಜಿನ ಮೇಲಿಟ್ಟು, ಒಂದು ಸಾಲಿನ ಮೇಲೆ ಬೆರಳಿಟ್ಟಳು.

ಹೋದ ವರ್ಷದ ತಪಾಸಣಾ ವರದಿ. 'ಹಾಸಿಗೆಯ ಹಲಗೆ ಹಾಗೂ ಔಷಧಿ ಡ್ರಾಯರುಗಳ ಮೇಲೆ ನಿವಾಸಿಗಳ ಹೆಸರು ಬರೆದಿರುವುದು ಅವರ ಖಾಸಗಿತನಕ್ಕೆ ಧಕ್ಕೆ. ಸಂಖ್ಯೆ ಸಾಕು.' ಕೆಳಗೆ ಎರಡು ಸಹಿ. ಒಂದು ಅವಳದು, ಇನ್ನೊಂದು ಡಾಕ್ಟರದು.

"ಅದಕ್ಕೆ ಎರಡು ಅಂಕ ಕಳೆದಿದ್ದಿರಿ ಮೇಡಂ," ಎಂದಳು ದೊಡ್ಡ ಸಿಸ್ಟರ್. ದನಿಯಲ್ಲಿ ಸಿಟ್ಟಿರಲಿಲ್ಲ. "ಮಾರನೇ ದಿನವೇ ಹೆಸರೆಲ್ಲ ಕೆರೆದು ತೆಗೆಸಿದರು. ಆಮೇಲೆ ನಮ್ಮ ಹುಡುಗಿಯರು ಹಲಗೆ ನೋಡಿ ಕೊಡೋಕೆ ಶುರು ಮಾಡಿದರು. ಮುಖ ನೋಡೋದು ಬಿಟ್ಟರು."

ಪರಿವೀಕ್ಷಕಿ ಕುರ್ಚಿ ಎಳೆದುಕೊಂಡು ಕೂತಳು.

"ಮೊದಲು ಆ ಹಾಸಿಗೆಯಲ್ಲಿದ್ದದ್ದು ಹೆಡ್‌ಮಾಸ್ಟರ್ ತಾತ. ಆಳೆತ್ತರದ ಮನುಷ್ಯ, ಬುದ್ಧಿಭ್ರಮೆ, ಗಂಟಲೂ ಹೋಗಿತ್ತು. ಆ ಚಮಚ ಅವರದು, ಮಾತ್ರೆಯೂ ಅವರದು. ಅವರು ಕಾಯಿಲೆಯಿಂದ ಹೋದರು. ಆಮೇಲೆ ಬೆಳಕು ಬೇಕು, ಹೊಲಿಗೆ ಹಾಕಬೇಕು ಅಂತ ದರ್ಜಿ ಅಜ್ಜಿ ಕೇಳಿಕೊಂಡು ಅಲ್ಲಿಗೆ ಹೋದರು. ಹಲಗೆ ಯಾರೂ ಒರೆಸಲಿಲ್ಲ. ಹನ್ನೊಂದೇ ದಿನ, ಮೇಡಂ. ಸೂಜಿ ಬಟ್ಟೆಯಲ್ಲೇ ಇತ್ತು."

"ಸತ್ತ ಮನುಷ್ಯನ ಮಾತ್ರೆಯನ್ನ ಬದುಕಿದ್ದವರಿಗೆ ಕೊಟ್ಟಿರಿ."

"ಕೊಟ್ಟೆವು. ಅದು ನಮ್ಮ ತಪ್ಪು. ನಿಮ್ಮದೂ."

ಹೊರಗೆ ಕಾರಿಡಾರಿನಲ್ಲಿ ಲೋಟಗಳ ಸದ್ದು. ನಾಲ್ಕರ ಹಾಲಿಗೆ ತಯಾರಿ. ಗಡಿಯಾರದಲ್ಲಿ ನಾಲ್ಕಕ್ಕೆ ಹನ್ನೆರಡು ನಿಮಿಷ ಕಡಿಮೆ.

"ಮೂರನೆಯವರು?"

ದೊಡ್ಡ ಸಿಸ್ಟರ್ ಹೋಗಿ ಬಾಗಿಲು ಮುಂದಕ್ಕೆ ತಳ್ಳಿ ಬಂದಳು. ಎದುರಿಗೆ ಕೂತಾಗ ಸೊಂಟದ ಬೀಗದ ಕೈಗಳು ಸಣ್ಣಗೆ ಕಿಣಿಗುಟ್ಟಿದವು. ಆಕೆಯ ತೊಡೆ ನಡುಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಎಷ್ಟೋ ಸುಳ್ಳುಗಾರರ ಎದುರು ಕೂತಿದ್ದ ಪರಿವೀಕ್ಷಕಿಗೆ, ಈ ನಡುಕ ಕದ್ದವರದಲ್ಲ, ಕಂಡವರದು ಎನ್ನಿಸಿತು.

"ಅಷ್ಟೊತ್ತಿಗೆ ನನಗೆ ತಿಳಿದಿತ್ತು. ನಾನೇ ಕೈಯಾರೆ ಹಲಗೆ ಒರೆಸಿದೆ, ಡ್ರಾಯರ್ ಖಾಲಿ ಮಾಡಿದೆ. ಗಡಿಯಾರ ರಿಪೇರಿ ತಾತ ಅಲ್ಲಿಗೆ ಬಂದರು. ಗಟ್ಟಿಯಾಗಿದ್ದರು, ನನ್ನ ವಾಚಿಗೇ ಬ್ಯಾಟರಿ ಹಾಕಿಕೊಟ್ಟರು. ನಾನು ಒಂದು ವಾರ ರಜೆ ಹೋದೆ. ವಾಪಸ್ ಬಂದಾಗ ತಾತ ಇರಲಿಲ್ಲ. ಹಲಗೆ ಮೇಲೆ ಚಮಚ ಇತ್ತು. ಚುಕ್ಕೆ ಇತ್ತು. ಡ್ರಾಯರ್ ತುಂಬಿತ್ತು."

"ಯಾರು ತುಂಬಿಸಿದ್ದು?"

"ಗೊತ್ತಿದ್ದರೆ ನಿಮಗೆ ಚೀಟಿ ಯಾಕೆ ಬರೀತಿದ್ದೆ?"

ಸಹಿಯಿಲ್ಲದ ಚೀಟಿ. ಅನುಮಾನಪಟ್ಟಿಯ ಮೊದಲ ಹೆಸರು ಅಳಿಸಿಹೋಯಿತು. ಅದರ ಜಾಗದಲ್ಲಿ ಖಾಲಿ ಉಳಿಯಿತು. ಆ ಖಾಲಿಯೇ ಹೆಚ್ಚು ಹೆದರಿಸಿತು.

"ಒಂದು ಸಲ ತಪ್ಪಿನಿಂದ ಆದದ್ದನ್ನ ಯಾರೋ ನೋಡಿ ಕಲಿತುಕೊಂಡಿದ್ದಾರೆ, ಮೇಡಂ. ಹಲಗೆಯಲ್ಲಿ ಎರಡು ಚಿತ್ರ ಬರೆದರೆ ಸಾಕು. ಉಳಿದದ್ದನ್ನ ನಮ್ಮ ಹುಡುಗಿಯರೇ ಮಾಡಿ ಮುಗಿಸ್ತಾರೆ, ಅವರಿಗೇ ಗೊತ್ತಿಲ್ಲದ ಹಾಗೆ."

"ಚೀಟಿ ಬಂದ ದಿನವೇ ನಾನು ಕೆಲಸ ಶುರು ಮಾಡಿದೆ."

"ಒಂದು ಬಂದಿರಬಹುದು. ನಾನು ಬರೆದದ್ದು ಮೂರು. ಮೊದಲಿನ ಎರಡನ್ನ ನಿಮ್ಮ ಕಚೇರಿಗೆ ಅಂಚೆಯಲ್ಲಿ ಹಾಕಿದೆ. ಉತ್ತರ ಇಲ್ಲ. ಮೂರನೆಯದನ್ನ ನಾನೇ ಬಂದು ನಿಮ್ಮ ಕಾರಿನ ಗಾಜಿಗೆ ಸಿಕ್ಕಿಸಿ ಹೋದೆ."

ಕಚೇರಿಯ ಅಂಚೆ ಮೊದಲು ಹೋಗುವುದು ಡಾಕ್ಟರ ಮೇಜಿಗೆ. ಪಾಪ, ಮರೆವಿನ ಮನುಷ್ಯ, ಎಲ್ಲೋ ಕಾಗದಗಳ ಕೆಳಗೆ ಸೇರಿಸಿರುತ್ತಾರೆ, ಮೇಲೆ ಹೋದ ತಕ್ಷಣ ಕೇಳಬೇಕು ಎಂದುಕೊಂಡಳು.

"ಈಗಿರೋ ಅಜ್ಜಿ. ಅವರನ್ನ ಎರಡರಿಂದ ನಾಲ್ಕಕ್ಕೆ ಹಾಕಿದ್ದು ಯಾರು?"

"ನಾನು ಬೇಡ ಅಂದೆ, ಹಲಗೆ ಒರೆಸಿ ಡ್ರಾಯರ್ ಖಾಲಿ ಮಾಡಬೇಕು ಅಂತಲೂ ಅಂದೆ. ಮ್ಯಾನೇಜರ್ ಕೇಳಲಿಲ್ಲ. ಮನೆಯವರು ಕೇಳಿಕೊಂಡರೆ ಆಗಲ್ಲ ಅನ್ನೋ ಹಾಗಿಲ್ಲ, ಅದೂ ನಿಮ್ಮ ನಿಯಮವೇ."

"ಆ ಅಜ್ಜಿಗೆ ಮನೆಯವರೇ ಇಲ್ಲ. ಅರ್ಜಿ ನೋಡಿ."

"ಅರ್ಜಿಯಲ್ಲಿ ಇಲ್ಲ. ಆದರೆ ಫೋನ್ ಬಂತಲ್ಲ." ದೊಡ್ಡ ಸಿಸ್ಟರ್ ಹಾಸಿಗೆ ಬದಲಾವಣೆಯ ಪುಸ್ತಕ ತೆರೆದು ತಿರುಗಿಸಿದಳು. ನಾಲ್ಕು ದಿನಗಳ ಹಿಂದಿನ ತಾರೀಖು. ದುಂಡಗಿನ ಅಕ್ಷರ. 'ಎರಡರಿಂದ ನಾಲ್ಕಕ್ಕೆ. ಅಕ್ಕನ ಮಗಳ ಕೋರಿಕೆಯಂತೆ.'

ಅಕ್ಕನ ಮಗಳು.

ಪರಿವೀಕ್ಷಕಿ ಆ ಎರಡು ಪದಗಳನ್ನು ಓದಿದಳು. ಮತ್ತೆ ಓದಿದಳು. ಚಿಕ್ಕಮ್ಮನಿಗೆ ಇದ್ದದ್ದು ಒಬ್ಬಳೇ ಅಕ್ಕ. ಆ ಅಕ್ಕನಿಗೆ ಒಬ್ಬಳೇ ಮಗಳು. ಅವಳು ಈ ಕುರ್ಚಿಯಲ್ಲಿ ಕೂತಿದ್ದಳು, ಮತ್ತು ಅವಳು ಫೋನ್ ಮಾಡಿರಲಿಲ್ಲ.

"ಹೆಂಗಸು ಮಾತಾಡಿದ್ದಾ?"

"ಇಲ್ಲ, ಗಂಡಸು. ಅಕ್ಕನ ಮಗಳ ಪರವಾಗಿ ಮಾತಾಡ್ತಿದ್ದೀನಿ ಅಂದರು. ನಾನೇ ಎತ್ತಿದ್ದು." ದೊಡ್ಡ ಸಿಸ್ಟರ್ ನೆನಪಿಸಿಕೊಳ್ಳಲು ಹುಬ್ಬು ಗಂಟಿಕ್ಕಿದಳು. "ವಯಸ್ಸಾದ ದನಿ. ಮರ್ಯಾದಸ್ಥರು. ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡಿದ ಹಾಗಿತ್ತು."

ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಪರಿವೀಕ್ಷಕಿಗೆ ದೂರದಿಂದೆಂಬಂತೆ ಕೇಳಿಸಿತು. ಅವಳು ನಿಂತಿದ್ದಳು.

ಹತ್ತು ನಿಮಿಷ ಕೆಳಗೆ ಹೋಗಿ ಬಾ ಎಂದವರು ಅವರು. ಸ್ಟೂಲನ್ನು ತಲೆದೆಸೆಗೆ ಎಳೆದುಕೊಂಡವರು ಅವರು. ಚಿಕ್ಕಮ್ಮನನ್ನು ಅವರ ಕೈಗೆ ಒಪ್ಪಿಸಿ ಬಂದವಳು ಅವಳೇ.

ಆಯಾ ಬಾಗಿಲು ತಳ್ಳಿಕೊಂಡು ಬಂದು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ತಟ್ಟೆಯಲ್ಲಿ ಹಾಲಿನ ಲೋಟಗಳು, ಅಂಕಿ ಹಚ್ಚಿದವು. ಒಂದು, ಎರಡು, ಮೂರು. ಆಮೇಲೆ ಐದು.

"ನಾಲ್ಕು ಎಲ್ಲಿ?" ಎಂದು ಪರಿವೀಕ್ಷಕಿ ಕೇಳಿದಳು.

"ಅದನ್ನ ಡಾಕ್ಟ್ರು ಇಸ್ಕೊಂಡರು ಮೇಡಂ. ಮೆಟ್ಟಿಲ ಹತ್ರಾನೇ ಬಂದು ನಿಂತಿದ್ದರು. ಪಾಪ, ತಾವೇ ಕುಡಿಸ್ತೀನಿ ಅಂದರು."

ಅದೇ ಗಳಿಗೆಗೆ ಬಾಗಿಲ ಮೇಲೆ ಒಂದು ಗಂಟೆ ಹೊಡೆಯಿತು. ಮೂವರೂ ತಲೆಯೆತ್ತಿದರು. ಸಾಲಿನ ನಾಲ್ಕನೇ ದೀಪ ಕೆಂಪಗೆ ಹತ್ತಿಕೊಂಡಿತ್ತು.

"ನಾಲ್ಕು," ದೊಡ್ಡ ಸಿಸ್ಟರ್ ಪಿಸುಗುಟ್ಟಿದಳು. "ತಿಂಗಳುಗಳಾಯಿತು, ಅದು ಹತ್ತಿದ್ದನ್ನ ನಾನು ನೋಡೇ ಇಲ್ಲ."

ಚಿಕ್ಕಮ್ಮನ ಬೆರಳು. ಎಲ್ಲೋ ಆಳದಿಂದ ಎದ್ದುಬಂದು ಗುಂಡಿಯನ್ನು ಒತ್ತಿ ಹಿಡಿದ ಬೆರಳು. ಪರಿವೀಕ್ಷಕಿ ಬಾಗಿಲಿಗೆ ಹಾರಿದಳು, ಮರದ ಹಿಡಿಪಟ್ಟಿಗೆ ಕೈ ಹಾಕಿ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.

ಹಿಂದೆ ಗಂಟೆ ನಿಂತಿತು.

ತಿರುಗಿ ನೋಡಿದಳು. ತೆರೆದ ಬಾಗಿಲೊಳಗೆ ದೊಡ್ಡ ಸಿಸ್ಟರ್ ಇನ್ನೂ ದೀಪಗಳ ಸಾಲಿನ ಕಡೆ ತಲೆಯೆತ್ತಿ ನಿಂತಿದ್ದಳು. ಆಕೆಯ ಮುಖದ ಮೇಲೆ ಈಗ ಕೆಂಪು ಬೆಳಕಿರಲಿಲ್ಲ.

ಮೇಲೆ, ಹಾಸಿಗೆಯ ಪಕ್ಕದ ಗೋಡೆಯ ಗುಂಡಿಯನ್ನು ಯಾರೋ ಒತ್ತಿದ್ದರು.